‘ಬ್ಯಾಂಕ್’ ಎಂದು ಬರೆಯುವವರು ಲೈಸೆನ್ಸ್ ತೋರಿಸಲಿ: ಇಳಕಲ್ ಠೇವಣಿದಾರರ ಹಕ್ಕೊತ್ತಾಯ ಪತ್ರ

ಗೆ,
ಸಹಕಾರ ಸಂಘಗಳ ಉಪನಿಬಂಧಕರು, ಬಾಗಲಕೋಟೆ

ಮಾನ್ಯರೇ,

ಇಳಕಲ್ಲಿನಲ್ಲಿ ಮಗ್ಗದ ಮಜೂರಿಯಲ್ಲೂ ಗ್ರಾನೈಟ್ ಕ್ವಾರಿಯ ಕೂಲಿಯಲ್ಲೂ ಒಂದಿಷ್ಟು ಪಿಗ್ಮಿಗೆ ಹೋಗುತ್ತದೆ. ಕಟ್ಟುವುದು ಪತ್ತಿನ ಸಂಘಕ್ಕೋ ಸೌಹಾರ್ದ ಸಹಕಾರಿಗೋ ಇದ್ದರೂ ಮನೆಯಲ್ಲಿ ‘ರೊಕ್ಕ ಬ್ಯಾಂಕಿನ್ಯಾಗ ಅದಾವ’ ಎನ್ನುತ್ತೇವೆ. ನಾವು ಅನ್ನುವುದು ರೂಢಿ. ಸಂಘವೇ ಹಾಗೆ ಬರೆದುಕೊಂಡರೆ ತಪ್ಪು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ 1949ಕ್ಕೆ ತಂದ ತಿದ್ದುಪಡಿ 2020ರ ಸೆಪ್ಟೆಂಬರ್ 29ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಅನುಮತಿಯಿಲ್ಲದೆ ಸಹಕಾರ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಬಳಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 22ರಂದು ಎಚ್ಚರಿಸಿಯೂ ಆಗಿದೆ. ಆದ್ದರಿಂದ ನಮ್ಮ ಒತ್ತಾಯಗಳು:

1. ಬೋರ್ಡು, ಪಾಸ್‌ಬುಕ್ಕು, ಪಿಗ್ಮಿ ಕಾರ್ಡು, ಗೋಡೆಯ ಕ್ಯಾಲೆಂಡರು ಎಲ್ಲವನ್ನೂ ತಪಾಸಣೆ ಮಾಡಿ. ನೋಂದಣಿಯ ಪೂರ್ತಿ ಹೆಸರು ಕನ್ನಡದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಇರಲಿ.

2. ನಿಜವಾದ ಸಹಕಾರ ಬ್ಯಾಂಕುಗಳು ರಿಸರ್ವ್ ಬ್ಯಾಂಕ್ ಕೊಟ್ಟ ಲೈಸೆನ್ಸಿನ ಪ್ರತಿಯನ್ನು ಕೌಂಟರಿನ ಎದುರಿಗೇ ತೂಗುಹಾಕಲಿ.

3. ಎಲ್ಲಕ್ಕಿಂತ ಮುಖ್ಯವಾದದ್ದು ವಿಮೆ. ಬ್ಯಾಂಕು ಮುಳುಗಿದರೆ ಅಸಲು, ಬಡ್ಡಿ ಸೇರಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮಾ ನಿಗಮ ಕೊಡುತ್ತದೆ. 2020ರ ಫೆಬ್ರುವರಿಗೆ ಮೊದಲು ಇದು 1 ಲಕ್ಷವಿತ್ತು. ಸಂಘದಲ್ಲಿಟ್ಟ ಹಣಕ್ಕೆ ಈ ವಿಮೆಯ ಒಂದು ಪೈಸೆಯೂ ಇಲ್ಲ. ಮಗಳ ಮದುವೆಗೆಂದು ಸೀರೆ ನೇಯ್ದು ಕೂಡಿಸಿದವಳಿಗೆ ಇದು ಮೊದಲೇ ಗೊತ್ತಾಗಬೇಕು. ‘ಈ ಠೇವಣಿಗೆ ವಿಮೆ ಇಲ್ಲ’ ಎಂದು ಪ್ರತಿ ರಸೀದಿಯಲ್ಲೂ ಅಚ್ಚಾಗಲಿ. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಲಿ.

4. ನಾಮಮಾತ್ರ ಸದಸ್ಯರೆಂದು ಚೀಟಿ ಕೊಟ್ಟು ಠೇವಣಿ ಎತ್ತುವುದು ನಿಲ್ಲಲಿ. ವಾರ್ಷಿಕ ಮಹಾಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲದವರ ದುಡ್ಡು ಮಾತ್ರ ಬೇಕೆಂದರೆ ಅದ್ಯಾವ ಸಹಕಾರ?

5. ಕೆಲವು ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿ, ಕೆಲವು 1997ರ ಸೌಹಾರ್ದ ಕಾಯ್ದೆಯಡಿ ಇವೆ. ‘ಅದು ನಮಗೆ ಬರಲ್ಲ’ ಎಂದು ಒಂದು ಕಚೇರಿ ಇನ್ನೊಂದಕ್ಕೆ ನಮ್ಮನ್ನು ಅಟ್ಟಬಾರದು. ದೂರು ಒಂದೇ ಕಡೆ ಕೊಟ್ಟರೆ ಸಾಕಾಗಬೇಕು.

6. ಹುನಗುಂದ, ಇಳಕಲ್ ತಾಲ್ಲೂಕಿನ ಹಳ್ಳಿಗಳ ಕೃಷಿ ಪತ್ತಿನ ಸಂಘಗಳ ಕಾರ್ಯದರ್ಶಿಗಳಿಗೆ ತಿಳಿಸಿ: ಹೆಸರಲ್ಲಿ ‘ಬ್ಯಾಂಕ್’ ಸೇರಿಸಿದರೆ, ಚೆಕ್ಕು ನಡೆಸಿದರೆ, ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಕೊಟ್ಟಿರುವ ವಿನಾಯಿತಿ ಹೋಗುತ್ತದೆ.

7. ಹೆಸರು ತಿದ್ದುವ ಖರ್ಚನ್ನು ಸದಸ್ಯರ ಮೇಲೆ ಹೇರಬಾರದು. ಹಳೆಯ ಪಾಸ್‌ಬುಕ್ಕು, ಬಾಂಡುಗಳು ಹಾಗೇ ಚಾಲ್ತಿಯಲ್ಲಿರಲಿ.

ಸಂಘಗಳ ಮೇಲೆ ನಮಗೆ ಹಗೆಯಿಲ್ಲ. ಬ್ಯಾಂಕಿನ ಮೆಟ್ಟಿಲಲ್ಲೇ ನಿಂತ ನೇಕಾರನಿಗೆ ಸಾಲ ಕೊಟ್ಟದ್ದು ಅವೇ. ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದೂ ಪತ್ತಿನ ಸಂಘವನ್ನೇ. ಆ ಹೆಸರಿಗೆ ನಾಚುವುದೇಕೆ?

ತಪಾಸಣೆ ಮುಗಿಸಿ, ಲೈಸೆನ್ಸ್ ಇರುವ ಮತ್ತು ಇಲ್ಲದ ಸಂಸ್ಥೆಗಳ ಪಟ್ಟಿಯನ್ನು 30 ದಿನದೊಳಗೆ ಇಳಕಲ್ ನಗರಸಭೆಯ ನೋಟಿಸ್ ಬೋರ್ಡಿಗೆ ಹಚ್ಚಬೇಕು.

ಇಂತಿ,
ಇಳಕಲ್ಲಿನ ಠೇವಣಿದಾರರು