ಬಾಟಲಿಯ ಮೇಲಿನ ಎಲೆ

ಕವಿತೆಯ ಒಂದು ಪದಕ್ಕಾಗಿ ಗಂಟೆಗಟ್ಟಲೆ ಜಗಳವಾಡುವ ನಾವು, ಫೇಸ್‌ವಾಶ್ ಬಾಟಲಿಯ ಮೇಲಿನ 'ಸಸ್ಯಜನ್ಯ' ಎಂಬ ಪದವನ್ನು ಮಾತ್ರ ಮರುಮಾತಿಲ್ಲದೆ ನಂಬಿಬಿಡುತ್ತೇವೆ. ಒಂದು ಹಸಿರೆಲೆಯ ಚಿತ್ರ, ಅದರ ಕೆಳಗೆ 'ಕೆಮಿಕಲ್ ಇಲ್ಲ' ಎಂಬ ಸಾಲು. ಇಷ್ಟಕ್ಕೇ ಹಾಸ್ಟೆಲ್ಲಿನ ಹುಡುಗ ಹುಡುಗಿಯರು ತಿಂಗಳ ಖರ್ಚಿನಲ್ಲಿ ಉಳಿಸಿದ ದುಡ್ಡನ್ನು ಸುರಿಯುತ್ತಾರೆ. ಕೆಮಿಕಲ್ ಇಲ್ಲದ ಫೇಸ್‌ವಾಶ್ ಎಲ್ಲಿಂದ ಬರಬೇಕು? ನೀರೂ ಒಂದು ಕೆಮಿಕಲ್ಲೇ.

ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂಬ ನಂಬಿಕೆ ಗಿಡಗಳ ನಡುವೆ ಬದುಕಿದವರದ್ದಂತೂ ಅಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆಂದು ಕರಾವಳಿಯ ಮಕ್ಕಳಿಗೂ ಗೊತ್ತು. ಮಾವಿನ ಸೊನೆ ತುಟಿಯಂಚಿನಲ್ಲಿ ಹುಣ್ಣು ಮಾಡುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಸೀಗೆಪುಡಿ ಕಣ್ಣಿಗೆ ಬಿದ್ದವರಿಗೆ ಬೇರೆ ಪಾಠ ಬೇಕಿಲ್ಲ.

ಬಾಟಲಿಯನ್ನು ತಿರುಗಿಸಿ ಓದಿ. ಹಿಂಬದಿಯ ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು, ಕಡಿಮೆಯದ್ದು ಆಮೇಲೆ. ಸಾಮಾನ್ಯವಾಗಿ ಮೊದಲನೆಯದು ನೀರು, ನಂತರ ಕೊಳೆ ತೆಗೆಯುವ ನೊರೆಯ ವಸ್ತು. ಮುಂಬದಿಯಲ್ಲಿ ಮೆರೆಯುವ ಬೇವು, ತುಳಸಿ ಎಷ್ಟೋ ಸಲ ಪಟ್ಟಿಯ ಕೊನೆಯಲ್ಲಿ, ಸುಗಂಧದ ಪಕ್ಕದಲ್ಲಿ ಮುದುಡಿ ಕೂತಿರುತ್ತವೆ. ಇನ್ನು ಆ ನೊರೆಯ ಕಥೆ: ಚರ್ಮಕ್ಕೆ ಮೃದುವೆನಿಸಿದ ಕೊಕೊ ಗ್ಲುಕೋಸೈಡ್ ತೆಂಗಿನೆಣ್ಣೆಯಿಂದ ತಯಾರಾಗುತ್ತದೆ. ಚರ್ಮವನ್ನು ಒಣಗಿಸಿ ಉರಿಸುವ ಸೋಡಿಯಂ ಲಾರಿಲ್ ಸಲ್ಫೇಟನ್ನೂ ಅದೇ ತೆಂಗಿನೆಣ್ಣೆಯಿಂದ ಮಾಡಬಹುದು. ಎರಡರ ಮೇಲೂ 'ಸಸ್ಯಜನ್ಯ' ಎಂದು ಬರೆದರೆ ಸುಳ್ಳಾಗದು. ಹಾಗಾದರೆ ಆ ಪದ ನಮಗೆ ಹೇಳಿದ್ದೇನು?

"ನೈಸರ್ಗಿಕ ಸೋಪು ಇದೆಯಲ್ಲ" ಎನ್ನುವವರಿಗೂ ಒಂದು ಮಾತು. ಚರ್ಮದ ಮೇಲ್ಪದರ ತುಸು ಆಮ್ಲೀಯ, ಪಿಎಚ್ ಸುಮಾರು 5. ಶುದ್ಧ ತೆಂಗಿನೆಣ್ಣೆಯಿಂದಲೇ ಮಾಡಿದ ಸೋಪಿನದ್ದೂ 9ರಿಂದ 10. ತೊಳೆದ ಮೇಲೆ ಮುಖ ಬಿಗಿಯುವುದನ್ನು ನಾವು ಸ್ವಚ್ಛತೆ ಎಂದುಕೊಳ್ಳುತ್ತೇವೆ, ಚರ್ಮ ಅದನ್ನು ಒರಟುತನವೆಂದೇ ತಿಳಿಯುತ್ತದೆ.

ಇದು ಸಸ್ಯಜನ್ಯ ಫೇಸ್‌ವಾಶ್ ಬಳಸಬೇಡಿ ಎಂಬ ವಾದವಲ್ಲ. ಬಳಸಿ, ಆದರೆ ಪರೀಕ್ಷಿಸಿ ಬಳಸಿ. ಮೊದಲು ಕೆಲವು ದಿನ ಮೊಣಕೈಯ ಒಳಭಾಗಕ್ಕೆ ಹಚ್ಚಿ ನೋಡಿ. ಒಂದೇ ಸಲಕ್ಕೆ ನಾಲ್ಕು ಹೊಸದನ್ನು ಶುರುಮಾಡಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ಉರಿದರೆ ನಿಲ್ಲಿಸಿ, 'ಕೊಳೆ ಹೊರಬರುತ್ತಿದೆ' ಎಂಬ ಸಮಾಧಾನವನ್ನು ನಂಬಬೇಡಿ. ಮೊಡವೆ ಬಿಡದೆ ಕಾಡಿದರೆ ಚರ್ಮವೈದ್ಯರ ಬಳಿ ಹೋಗಿ.

ಓದುವುದು ನಮ್ಮ ಹವ್ಯಾಸವೆಂದು ಹೇಳಿಕೊಳ್ಳುತ್ತೇವೆ. ಆ ಹವ್ಯಾಸ ಬಚ್ಚಲುಮನೆಯ ಬಾಗಿಲಲ್ಲಿ ನಿಂತುಹೋಗಬೇಕಿಲ್ಲ.