ಚಪ್ಪಾಳೆ ಯಾರಿಗೆ?

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿಬಂದೆನೆಂದರೆ ನನ್ನ ಮಿತ್ರರೊಬ್ಬರು ಮೂಗು ಮುರಿಯುತ್ತಾರೆ. ಅದು ಬರೀ ಜಾತ್ರೆಯಂತೆ. ಹೂವನ್ನು ಕಿತ್ತು ಗೊಂಬೆ ಮಾಡುವುದು ರಸಿಕತನವಲ್ಲವಂತೆ. ಹೂವನ್ನು ನೋಡುವವನು ಏಕಾಂತದಲ್ಲಿ ನೋಡಬೇಕಂತೆ. ಏಕಾಂತಕ್ಕೆ ಬೇಕಾದ ಹಿತ್ತಿಲು ಅವರಿಗಿದೆ. ಮೂರನೆಯ ಅಂತಸ್ತಿನ ಬಾಡಿಗೆ ಮನೆಯಲ್ಲಿ ಒಂದು ತುಳಸಿಯ ಕುಂಡಕ್ಕೂ ಬಿಸಿಲು ಸಾಲದೆ ಒದ್ದಾಡುವ ಸಂಸಾರಗಳು ಬೆಂಗಳೂರಿನಲ್ಲಿ ಎಷ್ಟಿಲ್ಲ! ಅಂಥ ಮನೆಯ ಮಗು ಅಪ್ಪನ ಹೆಗಲೇರಿ ಡೇಲಿಯಾ ಹೂವನ್ನು ಬಾಯಿ ಬಿಟ್ಟುಕೊಂಡು ನೋಡುವುದನ್ನು ಕಂಡ ಮೇಲೂ ಜಾತ್ರೆಯೆಂದು ಜರೆಯುವವರ ರಸಿಕತನವನ್ನು ನಾನು ಒಪ್ಪಲಾರೆ. ನಾನು ಪ್ರದರ್ಶನದ ಪಕ್ಷಪಾತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜಗಳ ಪ್ರದರ್ಶನದೊಡನೆ ಅಲ್ಲ, ಅದನ್ನು ನೋಡುವ ನಮ್ಮ ಕಣ್ಣಿನೊಡನೆ.

ವರ್ಷಕ್ಕೆರಡು ಬಾರಿ, ಗಣರಾಜ್ಯ ದಿನದ ಸುಮಾರಿಗೊಮ್ಮೆ ಸ್ವಾತಂತ್ರ್ಯ ದಿನದ ಸುಮಾರಿಗೊಮ್ಮೆ, ಊರಿಗೆ ಊರೇ ಅಲ್ಲಿ ಸೇರುತ್ತದೆ. ಗಾಜಿನ ಮನೆಯ ಬಾಗಿಲಲ್ಲಿ ನೂಕುನುಗ್ಗಲು. ಲಂಡನ್ನಿನ ಸ್ಫಟಿಕ ಭವನದ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಆ ಮನೆಗೆ 1889ರಲ್ಲಿ ಆಂಗ್ಲ ರಾಜಕುಮಾರನೊಬ್ಬ ಅಸ್ತಿಭಾರದ ಕಲ್ಲಿಟ್ಟ. ಮೂಲದ ಸ್ಫಟಿಕ ಭವನ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ನಮ್ಮ ಗಾಜಿನ ಮನೆ ಇಂದಿಗೂ ನಿಂತಿದೆ. 2022ರಲ್ಲಿ ಅದರೊಳಗೆ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪು ಹೂವಾಗಿ ಅರಳಿತು. 2024ರ ಜನವರಿಯಲ್ಲಿ ಬಸವಣ್ಣನವರ, ಅದೇ ಆಗಸ್ಟಿನಲ್ಲಿ ಅಂಬೇಡ್ಕರರ ಸ್ಮರಣೆ ನಡೆಯಿತು. ಜನ ಕೈಮುಗಿದರು, ಚಿತ್ರ ತೆಗೆದುಕೊಂಡರು. ಮರುದಿನ ಪತ್ರಿಕೆಯಲ್ಲಿ ಎಷ್ಟು ಲಕ್ಷ ಹೂವು ಬಳಸಿದರೆಂಬ ಲೆಕ್ಕವನ್ನೂ ಓದಿದರು. ಆ ಲೆಕ್ಕ ಓದಿ ಬೆರಗಾಗುವವರಲ್ಲಿ ನಾನೂ ಒಬ್ಬ.

ಆದರೆ ನನಗೆ ಹೆಚ್ಚು ಪ್ರೀತಿ ಗಾಜಿನ ಮನೆಯ ಹೊರಗಿನ ತೋಟಗಳ ಮೇಲೆ. ಅಳತೆಯಿಟ್ಟು ಕತ್ತರಿಸಿದ ಹುಲ್ಲು, ಅದರಂಚಿಗೆ ಸಾಲ್ವಿಯಾದ ಕೆಂಪು, ಪೆಟೂನಿಯಾದ ನೇರಿಳೆ, ಚೆಂಡುಹೂವಿನ ಹಳದಿ. ಎಲ್ಲವೂ ಒಂದೇ ವಾರದಲ್ಲಿ ಮಾತಾಡಿಕೊಂಡಂತೆ ಅರಳಿ ನಿಂತಿರುತ್ತವೆ. ಈ ಮಾತುಕತೆಯನ್ನು ಗಿಡಗಳು ತಾವಾಗಿಯೇ ಆಡಿಕೊಳ್ಳುವುದಿಲ್ಲ. ಜನವರಿ 26ಕ್ಕೆ ಪೆಟೂನಿಯಾ ಅರಳಬೇಕಾದರೆ ಅಕ್ಟೋಬರಿನಲ್ಲೇ ಬೀಜ ಒಟ್ಟಲುಪಾತಿಗೆ ಬೀಳಬೇಕು. ಬೀಜವೋ ಧೂಳಿನಷ್ಟು ಸಣ್ಣದು. ಮೇಲೆ ಮಣ್ಣು ದಪ್ಪವಾಗಿ ಮುಚ್ಚಿದರೆ ಮೊಳೆಯುವುದೇ ಇಲ್ಲ. ಚೆಂಡುಹೂವಿನ ಕುಡಿಯನ್ನು ಚಿವುಟಿದರೆ ಗಿಡ ಕವಲೊಡೆದು ಮೈತುಂಬ ಹೂ ಬಿಡುತ್ತದೆ. ಆದರೆ ಹೂವು ಕೆಲವು ದಿನ ತಡವಾಗುತ್ತದೆ. ಆ ತಡವನ್ನೂ ಲೆಕ್ಕ ಹಾಕಿಯೇ ಚಿವುಟಬೇಕು. ಡೇಲಿಯಾ ಬೋಗುಣಿಯಷ್ಟು ದೊಡ್ಡದಾಗಬೇಕಾದರೆ ಪಕ್ಕದ ಮೊಗ್ಗುಗಳನ್ನು ಮನಸ್ಸು ಗಟ್ಟಿಮಾಡಿ ಕಿತ್ತುಹಾಕಬೇಕು. ಸೇವಂತಿಗೆಯಂತೂ ರಾತ್ರಿಯ ಉದ್ದವನ್ನು ಎಣಿಸುವ ಗಿಡ. ಇರುಳೆಲ್ಲ ಬೀದಿದೀಪ ಬಿದ್ದರೂ ಮೊಗ್ಗು ಹಿಂಜರಿಯುತ್ತದೆ. ಆಗಸ್ಟಿನ ಪ್ರದರ್ಶನದ ಕಷ್ಟವೇ ಬೇರೆ: ಮಳೆಗಾಲದ ತೇವಕ್ಕೆ ಎಳೆಯ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ.

ಇಷ್ಟೆಲ್ಲ ತಿಳಿದು ಮಾಡುವ ಕೆಲಸಕ್ಕೆ ವಿದ್ಯೆಯೆಂದು ಹೆಸರಿಡದೆ ಇನ್ನೇನೆಂದು ಕರೆಯೋಣ? ಆದರೂ ಆ ವಿದ್ಯಾವಂತ ಯಾರೆಂದು ನಾವು ಕೇಳುವುದಿಲ್ಲ. ಲಾಲ್‌ಬಾಗಿನ ಕಥೆ ಹೇಳುವಾಗ ನಮಗೆ ಹೆಸರುಗಳಿಗೆ ಕೊರತೆಯಿಲ್ಲ. 1760ರಲ್ಲಿ ತೋಟಕ್ಕೆ ಮೊದಲು ಮಾಡಿದ ಹೈದರಾಲಿ, ಬೆಳೆಸಿದ ಟಿಪ್ಪು, ಗಾಜಿನ ಮನೆ ಕಟ್ಟಿಸಿದ ಕ್ಯಾಮರನ್, ಜರ್ಮನಿಯಿಂದ ಬಂದು ಈ ಊರಿನವನೇ ಆಗಿ 1956ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದ ಕ್ರುಂಬಿಗಲ್, ಆಮೇಲೆ ಜವರಾಯರು, ಮರಿಗೌಡರು. ಎಲ್ಲರೂ ದೊಡ್ಡವರೇ, ಅವರ ನೆನಪು ಹೋಗಬಾರದು. ಆದರೆ ಇವರಲ್ಲಿ ಯಾರೊಬ್ಬರೂ ಒಬ್ಬರೇ ಒಂದು ಪಾತಿಯನ್ನೂ ಕಾಯಲಿಲ್ಲ.

ಬೆಂಗಳೂರಿನ ತೋಟದ ವಿದ್ಯೆ ಹೊರಗಿನಿಂದ ಬಂದ ಅಧಿಕಾರಿಗಳ ಪೆಟ್ಟಿಗೆಯಲ್ಲಿ ಮಾತ್ರ ಬಂದುದಲ್ಲ. ತಲೆತಲಾಂತರದಿಂದ ಹೂವು, ತರಕಾರಿ ಬೆಳೆದು ಊರನ್ನು ಸಾಕಿದ ತಿಗಳರು ಇಲ್ಲಿದ್ದರು, ಇದ್ದಾರೆ. ಚೈತ್ರದ ಹುಣ್ಣಿಮೆಗೆ ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಹೊತ್ತು ಊರನ್ನೆಲ್ಲ ಸುತ್ತುವವರು ಅವರೇ. ಅವರ ತೋಟಗಳಿಗೆ ನೀರುಣಿಸುತ್ತಿದ್ದ ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸುಗಳು ನಿಲ್ಲುತ್ತವೆ. ಕೆರೆ ಹೋಯಿತು, ತೋಟ ಹೋಯಿತು. ಬೆಳೆದವರ ಹೆಸರನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಬೇರೆಯವರ ಮೇಲೆ ಬೆರಳು ಮಾಡುವುದಕ್ಕೆ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು 40 ವರ್ಷಗಳ ಹಿಂದೆ ನಾನೊಂದು ದೊಡ್ಡ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅದರ ಮುಂದಿನ ತೋಟ ಆ ವರ್ಷದ ತೋಟಗಳ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಬೆಳ್ಳಿಯ ಬಟ್ಟಲನ್ನು ಮೇಜಿನ ಮೇಲಿಟ್ಟು ಹಿರಿಯ ಅಧಿಕಾರಿಗಳು ಕುರ್ಚಿಗಳಲ್ಲಿ, ಕಿರಿಯರು ಹಿಂದೆ ನಿಂತು ಭಾವಚಿತ್ರ ತೆಗೆಸಿಕೊಂಡರು. ತೋಟ ಮಾಡಿದ ಮಾಲಿ ಅಷ್ಟು ದೂರದಲ್ಲಿ, ಚಿತ್ರ ಚೆನ್ನಾಗಿ ಬರಲೆಂದು ಒಣಗಿದ ಎಲೆಗಳನ್ನು ಆರಿಸುತ್ತಿದ್ದ. ಚಿತ್ರದ ಅಂಚಿಗೆ ಆತನ ಬೆನ್ನೂ ಬಗ್ಗಿದ ತಲೆಯೂ ಬಿದ್ದಿದ್ದವು. ಅಡಿಬರಹ ಬರೆಯುವ ಕೆಲಸ ನನ್ನದು. ‘ಎಡದಿಂದ ಬಲಕ್ಕೆ’ ಎಂದು ಆರಂಭಿಸಿ ಹನ್ನೊಂದು ಹೆಸರುಗಳನ್ನು ಪದವಿ ಸಹಿತ ಬರೆದೆ. ಹನ್ನೆರಡನೆಯವನು ನನ್ನ ಕಣ್ಣಿಗೆ ಬೀಳಲಿಲ್ಲವೆಂದರೆ ಸುಳ್ಳಾದೀತು. ಬಿದ್ದ, ಆದರೆ ಅವನನ್ನು ಬರೆಯಬೇಕೆಂದು ತೋರಲಿಲ್ಲ.

‘ಮಾಲಿಗೆ ಸಂಬಳ ಕೊಡುವುದಿಲ್ಲವೇ, ಹೆಸರೂ ಬೇರೆ ಬೇಕೇ?’ ಎಂದು ಕೇಳುವವರುಂಟು. ಸಂಬಳ ಅಧಿಕಾರಿಗೂ ಬರುತ್ತದೆ. ಆತನ ಹೆಸರನ್ನು ನಾವು ಕೈಬಿಡುವುದಿಲ್ಲ. ಬೇಲೂರಿನ ಶಿಲ್ಪಿಗಳೂ ಕೂಲಿಯಿಲ್ಲದೆ ಕೆಲಸ ಮಾಡಿರಲಾರರು. ಆದರೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೊರೆದ. ಹೊಯ್ಸಳರ ಕಾಲಕ್ಕೆ ತಪ್ಪೆನಿಸದ್ದು ಗಣರಾಜ್ಯದಲ್ಲಿ ತಪ್ಪೆನಿಸಬೇಕೆ? ‘ಕಲ್ಲು ಉಳಿಯುತ್ತದೆ, ಹೂವು ಹತ್ತು ದಿನಕ್ಕೆ ಬಾಡುತ್ತದೆ’ ಎಂದರೆ, ಹೆಸರು ಬರೆಯಲು ಅದಕ್ಕಿಂತ ದೊಡ್ಡ ಕಾರಣ ಬೇಕೆ? ಶಿಲ್ಪಿಯ ಪರವಾಗಿ ಕಲ್ಲು ಮಾತಾಡೀತು; ತೋಟಗಾರನ ಪರವಾಗಿ ಹನ್ನೊಂದನೆಯ ದಿನ ಏನೂ ಉಳಿಯುವುದಿಲ್ಲ. ‘ಕೈಗಳು ನೂರಾರು, ಯಾರದೆಂದು ಬರೆಯುವುದು?’ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಒಂದು ಚಲನಚಿತ್ರದ ಕೊನೆಯಲ್ಲಿ ದೀಪ ಹಿಡಿದವನ, ಬಣ್ಣ ಹಚ್ಚಿದವನ ಹೆಸರೂ ಬರುತ್ತದೆ. ಪರದೆಯಲ್ಲಿ ಸಿಕ್ಕ ಸ್ಥಳ ಪಾತಿಯ ಪಕ್ಕದಲ್ಲಿ ಸಿಕ್ಕದೆ?

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಹಣವೂ ಹೆಚ್ಚು ಬೇಡ. ಬೆಂಗಳೂರಿನದಾಗಲಿ, ಮೈಸೂರಿನದಾಗಲಿ, ಯಾವ ಜಿಲ್ಲೆಯದೇ ಆಗಲಿ, ಪ್ರತಿಯೊಂದು ಪ್ರದರ್ಶನದಲ್ಲಿ ಗಿಡದ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನು ಬೆಳೆದವರ ಹೆಸರಿರಲಿ. ಕಳೆ ಕಿತ್ತ, ಸಸಿ ನೆಟ್ಟ ಹೆಂಗಸರದೂ ಇರಲಿ. ಸ್ಪರ್ಧೆಯಲ್ಲಿ ಗೆದ್ದ ತೋಟದ ಬಟ್ಟಲನ್ನು ಬಂಗಲೆಯ ಯಜಮಾನರು ಇಟ್ಟುಕೊಳ್ಳಲಿ. ಆದರೆ ವೇದಿಕೆಗೆ ಹತ್ತಿ ಅದನ್ನು ಮೊದಲು ಕೈಯಲ್ಲಿ ಹಿಡಿಯುವವನು ಮಾಲಿಯಾಗಲಿ. ಇನ್ನು ನಾವು, ನೋಡಲು ಹೋಗುವವರು, ಪಾತಿಯ ಬಳಿ ನೀರಿನ ಕೊಳವೆ ಹಿಡಿದು ನಿಂತವರನ್ನು ‘ಸ್ವಲ್ಪ ಪಕ್ಕಕ್ಕೆ ಸರಿಯಪ್ಪ, ಚಿತ್ರ ತೆಗೆಯಬೇಕು’ ಎನ್ನುವ ಮೊದಲು ಹೆಸರು ಕೇಳೋಣ.

ಆ ಹಳೆಯ ಚಿತ್ರದ ಹನ್ನೆರಡನೆಯವನ ಹೆಸರನ್ನು ಇಲ್ಲಿಯಾದರೂ ಬರೆದು ಅಡಿಬರಹವನ್ನು ತಿದ್ದಿಬಿಡೋಣವೆಂದು ಈ ಲೇಖನಕ್ಕೆ ಕುಳಿತೆ. ಬರೆಯಲಾರೆ. ಒಂದೇ ಕಚೇರಿಯಲ್ಲಿ ಆರು ವರ್ಷ ಇದ್ದೆವು. ನಾವೆಲ್ಲ ಆತನನ್ನು ‘ಮಾಲಿ’ ಎಂದೇ ಕೂಗುತ್ತಿದ್ದೆವು.