ಬಹುಮತಕ್ಕೆ ಬಗ್ಗದ ಸಂಖ್ಯೆ

ಪ್ರತಿ ವರ್ಷ ಮಾರ್ಚ್ 14ರಂದು ಅಮೆರಿಕದ ಶಾಲೆಗಳಲ್ಲಿ ಒಂದು ಸಂಖ್ಯೆಯ ಹಬ್ಬ ನಡೆಯುತ್ತದೆ. ಸರಕಾರಿ ರಜೆಯಿಲ್ಲದ, ಯಾವ ಪಂಚಾಂಗದಲ್ಲೂ ಇಲ್ಲದ ಈ ಹಬ್ಬದ ಹೆಸರು ಪೈ ದಿನ. ವೃತ್ತದ ಪರಿಧಿಯನ್ನು ಅದರ ವ್ಯಾಸದಿಂದ ಭಾಗಿಸಿದಾಗ ಬರುವ, 3.14 ಎಂದು ಆರಂಭವಾಗಿ ಎಂದೂ ಮುಗಿಯದ ಸಂಖ್ಯೆಯೇ ಪೈ. ಅಮೆರಿಕನ್ನರು ತಿಂಗಳನ್ನು ಮೊದಲು, ತಾರೀಕನ್ನು ಆಮೇಲೆ ಬರೆಯುವುದರಿಂದ ಮಾರ್ಚ್ 14 ಅವರಿಗೆ 3/14. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿದ್ದ ಭೌತವಿಜ್ಞಾನಿ ಲ್ಯಾರಿ ಶಾ 1988ರಲ್ಲಿ ಇದನ್ನು ಆರಂಭಿಸಿದರು. ಇಂಗ್ಲಿಷಿನಲ್ಲಿ ಹಣ್ಣು ತುಂಬಿದ ಒಂದು ದುಂಡನೆಯ ತಿನಿಸಿಗೂ ಪೈ ಎಂದೇ ಹೆಸರು. ಹೀಗಾಗಿ ಅದನ್ನು ಹಂಚಿ ತಿನ್ನುವುದೂ ಆಚರಣೆಯ ಭಾಗವಾಯಿತು. 2009ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ 391 ಮತಗಳಿಂದ ಈ ದಿನವನ್ನು ಬೆಂಬಲಿಸಿತು. 10 ಮಂದಿ ವಿರೋಧಿಸಿದರು. 2019ರಲ್ಲಿ ಯುನೆಸ್ಕೋ ಅದೇ ದಿನವನ್ನು ಅಂತಾರಾಷ್ಟ್ರೀಯ ಗಣಿತ ದಿನವೆಂದು ಘೋಷಿಸಿತು.

ಇದೆಲ್ಲ ಹುಡುಗಾಟಿಕೆ ಎಂದು ಮೂಗು ಮುರಿಯುವವರಿದ್ದಾರೆ. ನಾವು ಆ ಗುಂಪಿಗೆ ಸೇರಿದವರಲ್ಲ. ಗಣಿತವೆಂದರೆ ಬೆತ್ತ, ಬೋರ್ಡು ಮತ್ತು ಅವಮಾನ ಎಂದೇ ತಿಳಿದ ಮಗುವಿಗೆ ಅದೇ ಗಣಿತದ ಹೆಸರಿನಲ್ಲಿ ಒಂದು ದಿನ ನಗುವ ಅವಕಾಶ ಸಿಗುವುದಾದರೆ ಅದನ್ನು ಕಸಿಯುವ ಹಕ್ಕು ನಮಗಾರಿಗೂ ಇಲ್ಲ. ಈ ಹಬ್ಬ ಹುಟ್ಟಿದ ಮನೆಯೂ ಸಾಮಾನ್ಯದ್ದಲ್ಲ. 1969ರಲ್ಲಿ ಅದನ್ನು ಕಟ್ಟಿದ ಫ್ರಾಂಕ್ ಒಪನ್‌ಹೈಮರ್, ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರು. ಕೊಲೊರಾಡೊದಲ್ಲಿ ದನ ಸಾಕಿದವರು, ಸಣ್ಣ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೂರ ನಿಲ್ಲಿಸುವ ಬದಲು, ಮುಟ್ಟಿ ನೋಡಿ ಎಂದು ಕರೆದ ಸಂಗ್ರಹಾಲಯ ಅವರದು.

ನಮ್ಮ ತಕರಾರು ಇರುವುದು, ಆ ಮನೆ ಬಿಟ್ಟು ಹೊರಟ ಹಬ್ಬ ಏನನ್ನು ಹೊತ್ತು ತಂದಿತು ಎಂಬುದರಲ್ಲಿ. ಮುಟ್ಟಿ ನೋಡುವ ಗುಣ ಅಲ್ಲೇ ಉಳಿಯಿತು, ತಿನಿಸು ಮಾತ್ರ ಹೊರಬಂತು. ಅಲ್ಲಿಯ ಪಿಜ್ಜಾ ಅಂಗಡಿಗಳು 3 ಡಾಲರ್ 14 ಸೆಂಟಿನ ಆಮಿಷ ಒಡ್ಡುತ್ತವೆ. ನಮ್ಮಲ್ಲಿ ಇದನ್ನು ಆಚರಿಸುವ ಶಾಲೆಗಳೂ ಕೇಕ್ ಕತ್ತರಿಸಿ, ಮಕ್ಕಳಿಂದ ದಶಾಂಶದ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿ, ಫೋಟೋ ತೆಗೆಸಿಕೊಂಡರೆ ಮುಗಿಯಿತೇ? ತಾರೀಕನ್ನು ಮೊದಲು ಬರೆಯುವ ನಮಗೆ ಮಾರ್ಚ್ 14 ಎಂದರೆ 14/3. ಭಾಗಿಸಿ ನೋಡಿ, 4.66 ಚಿಲ್ಲರೆ ಬರುತ್ತದೆ! ನಮಗೆ ಒಪ್ಪುವುದು ಜುಲೈ 22. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ 22/7 ಅದೇ ಅಲ್ಲವೇ? ಅದು 3.14ಕ್ಕಿಂತ ಪೈಗೆ ಹತ್ತಿರವೂ ಹೌದು. ಎರವಲು ತಂದ ಹಬ್ಬವನ್ನು ಒಮ್ಮೆ ಭಾಗಿಸಿಯೂ ನೋಡದೆ ಗಣಿತವನ್ನು ಆಚರಿಸುತ್ತಿದ್ದೇವೆ ಎನ್ನುವುದು ಎಂಥ ವಿಪರ್ಯಾಸ!

ಇದಕ್ಕಿಂತ ದೊಡ್ಡ ರೋಗವೊಂದಿದೆ. ಅದು ಅಭಿಮಾನದ ರೋಗ. ಇದೆಲ್ಲ ನಮ್ಮಲ್ಲಿ ಎಂದೋ ಇತ್ತು ಎಂದು ಒಂದು ಗುಂಪು. ಜಗತ್ತಿಗೆ ಇದನ್ನೆಲ್ಲ ಕೊಟ್ಟವರೇ ನಾವು ಎಂದು ಇನ್ನೊಂದು. ಕ್ರಿ.ಶ. 499ರಲ್ಲಿ ಆರ್ಯಭಟ 3.1416 ಎಂಬ ಬೆಲೆ ಕೊಟ್ಟದ್ದು ನಿಜ. ಆದರೆ ಇದು ‘ಆಸನ್ನ’, ಅಂದರೆ ಹತ್ತಿರದ್ದು ಮಾತ್ರ, ಎಂದವನೂ ಅವನೇ. ಕೇರಳದ ಮಾಧವ ಹದಿನಾಲ್ಕನೇ ಶತಮಾನದ ಹೊತ್ತಿಗೆ ಕೊನೆಯಿಲ್ಲದ ಶ್ರೇಣಿಯ ದಾರಿ ತೋರಿಸಿದ. 1424ರಲ್ಲಿ ಸಮರ್ಖಂಡದ ಜಮ್ಶೀದ್ ಅಲ್ ಕಾಶಿ 80 ಕೋಟಿಗೂ ಹೆಚ್ಚು ಭುಜಗಳ ಆಕೃತಿಯನ್ನು ಕಲ್ಪಿಸಿಕೊಂಡು ದಶಾಂಶದ 16 ಸ್ಥಾನಗಳವರೆಗೆ ಲೆಕ್ಕ ಹಾಕಿದ. ಹಾಗೆಂದು ಆರ್ಯಭಟನನ್ನು ಒಬ್ಬರು, ಅಲ್ ಕಾಶಿಯನ್ನು ಇನ್ನೊಬ್ಬರು ಪಲ್ಲಕ್ಕಿಯಲ್ಲಿ ಕೂರಿಸಿ ಎದುರುಬದುರು ಮೆರವಣಿಗೆ ಹೊರಡಿಸಬೇಕೇ?

ಕನ್ನಡನಾಡಿನ ಉದಾಹರಣೆಯನ್ನೇ ನೋಡೋಣ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ದೊಡ್ಡ ಗಣಿತಜ್ಞ. ವೃತ್ತದ ಸೂಕ್ಷ್ಮ ಲೆಕ್ಕಕ್ಕೆ ಅವನು ಬಳಸಿದ್ದು ಹತ್ತರ ವರ್ಗಮೂಲವನ್ನು, ಅಂದರೆ ಸುಮಾರು 3.162. ಮುನ್ನೂರು ವರ್ಷಕ್ಕೂ ಹಿಂದಿನ ಆರ್ಯಭಟನ ಬೆಲೆಗಿಂತ ಇದು ಒರಟು. ನಮ್ಮವನು ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಅದು ಒರಟು ಎಂದು ಅವನು ಸಣ್ಣವನಾಗುವುದೂ ಇಲ್ಲ.

ಸಂಖ್ಯೆ ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರು ಕೈಯೆತ್ತುತ್ತಾರೆಂದು ಕಾಯುವುದೂ ಇಲ್ಲ. 1897ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಕೆಳಮನೆ, ಪೈ ಬೆಲೆ 3.2 ಎಂದು ಅರ್ಥ ಬರುವ ಮಸೂದೆಯೊಂದನ್ನು ಅಂಗೀಕರಿಸಿತು. ಪರ 67, ವಿರೋಧ ಸೊನ್ನೆ. ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಗಣಿತದ ಪ್ರಾಧ್ಯಾಪಕ ವಾಲ್ಡೊ ಎಚ್ಚರಿಸಿದ ಮೇಲೆ ಮೇಲ್ಮನೆ ಅದನ್ನು ಅನಿರ್ದಿಷ್ಟ ಕಾಲ ಮುಂದೂಡಿತು. ಅರುವತ್ತೇಳು ಮಂದಿ ಒಟ್ಟಾಗಿ ಕೈಯೆತ್ತಿದರೂ ಒಂದು ಬಂಡಿಯ ಚಕ್ರವೂ ಆ ಮಸೂದೆಗೆ ತಕ್ಕಂತೆ ತಿರುಗಲಿಲ್ಲ. ತಲೆಯೆಣಿಸಿ ಇತಿಹಾಸವನ್ನೂ ಸತ್ಯವನ್ನೂ ತೀರ್ಮಾನಿಸುವ ಉಮೇದು ಹೆಚ್ಚಿರುವ ಇಂದಿನ ದಿನಗಳಲ್ಲಿ ಮಕ್ಕಳಿಗೆ ಹೇಳಬೇಕಾದ ಕತೆ ಇದು. ಸರಕಾರವನ್ನು ಆರಿಸಲು ಬಹುಮತ ಬೇಕು. ಸತ್ಯವನ್ನು ಅರಿಯಲು ಅಳೆದು ನೋಡುವ ತಾಳ್ಮೆ ಬೇಕು.

ಆದ್ದರಿಂದ ಪೈ ದಿನ ಬೇಡವೆಂದು ನಾವು ಹೇಳುವುದಿಲ್ಲ. ಜುಲೈ 22ರಂದು ಆಚರಿಸೋಣ, ಕೇಕಿಲ್ಲದೆ ಆಚರಿಸೋಣ. ಒಂದು ನೂಲುಂಡೆ, ಒಂದು ಅಳತೆಪಟ್ಟಿ ಸಾಕು. ಮಗು ಅಮ್ಮನ ಬಳೆಯನ್ನು, ಊಟದ ತಟ್ಟೆಯನ್ನು, ಬಾವಿಯ ರಾಟೆಯನ್ನು, ಸೈಕಲ್ ಚಕ್ರವನ್ನು ಅಳೆಯಲಿ, ಪರಿಧಿಯನ್ನು ವ್ಯಾಸದಿಂದ ಭಾಗಿಸಲಿ. ಒಬ್ಬಳಿಗೆ 3.1 ಬರಬಹುದು, ಇನ್ನೊಬ್ಬನಿಗೆ 3.2. ಆಗ ಮೇಷ್ಟ್ರು ಗದರದೆ ‘ಇನ್ನೊಮ್ಮೆ ಅಳೆಯೋಣ’ ಎನ್ನಲಿ. ಯಾರ ಮನೆಯ ತಟ್ಟೆಯಾದರೂ, ಯಾವ ಕೇರಿಯ ಚಕ್ರವಾದರೂ ಉತ್ತರ ಒಂದೇ ಕಡೆಗೆ ಬರುತ್ತದೆ ಎಂಬುದನ್ನು ಮಗು ತನ್ನ ಕೈಯಿಂದಲೇ ತಿಳಿದ ದಿನವೇ ನಿಜವಾದ ಹಬ್ಬ.